ಸಂಶೋಧನೆ ಹೇಳಿತು ಅಂದರೆ ನಂಬಬೇಕಾ? ಲೆಕ್ಕದ ಮಿಸ್ ಉತ್ತರ

"ಸಂಶೋಧನೆಯ ಪ್ರಕಾರ ಅಂತ ಬರುವ ಸುದ್ದಿಗಳ ಬಗ್ಗೆ ಏನಾದರೂ ಕೇಳಿ" ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರ ನೋಡಿ ಸಂಪಾದಕರೇ ಗಾಬರಿಯಾದರು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ. ತುಮಕೂರಿನಲ್ಲಿ ಮೂವತ್ತೊಂದು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವಳು. ಒಂದು ಲೆಕ್ಕ ಎಲ್ಲಿಂದ ಬಂತು, ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು, ನನಗೆ ಗೊತ್ತಿರುವುದು ಇಷ್ಟೇ.

ಪ್ರಶ್ನೆ: ಕಾಫಿ ಕುಡಿದರೆ ಆಯಸ್ಸು ಜಾಸ್ತಿ ಅಂತ ಒಂದು ದಿನ ಪೇಪರಿನಲ್ಲಿ ಬರುತ್ತದೆ. ಹದಿನೈದು ದಿನಕ್ಕೆ ಕಾಫಿಯಿಂದ ಕ್ಯಾನ್ಸರ್ ಅಂತ ಬರುತ್ತದೆ. ಮಗಳು ಎರಡನೆಯದನ್ನು ಮಾತ್ರ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದಾಳೆ. (ಓದುಗರೊಬ್ಬರು, ತಿಪಟೂರು)

ನಿಮ್ಮ ಮಗಳು ಅಂಟಿಸಿದ ಸುದ್ದಿ ಯಾವ ಸಂಶೋಧನೆಯದು ಅಂತ ಬರೆದಿಲ್ಲ. ಈ ಜಗಳ ಹಳೆಯದು. 1981ರಲ್ಲಿ ಅಮೆರಿಕದ ಹಾರ್ವರ್ಡ್‌ನವರು ಮೇದೋಜೀರಕದ ಕ್ಯಾನ್ಸರ್ ಬಂದ 369 ಜನರನ್ನು "ಎಷ್ಟು ಕಾಫಿ ಕುಡಿಯುತ್ತಿದ್ದಿರಿ?" ಅಂತ ಕೇಳಿದರು. ಹೋಲಿಸಿ ನೋಡಲು ಆ ಕ್ಯಾನ್ಸರ್ ಇಲ್ಲದವರು ಬೇಕಲ್ಲ? ಅದೇ ಡಾಕ್ಟರುಗಳ ಹತ್ತಿರ ಆಸ್ಪತ್ರೆ ಸೇರಿದ್ದ ಬೇರೆ ರೋಗಿಗಳನ್ನು ಆರಿಸಿಕೊಂಡರು. ಕ್ಯಾನ್ಸರ್ ಇದ್ದವರು ಜಾಸ್ತಿ ಕಾಫಿ ಕುಡಿದಿದ್ದರು ಅಂತ ಲೆಕ್ಕ ಬಂತು. ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು, ಜಗತ್ತಿಗೆಲ್ಲ ಸುದ್ದಿಯಾಯಿತು.

ಈಗ ಯೋಚನೆ ಮಾಡಿ. ಆ ಡಾಕ್ಟರುಗಳಲ್ಲಿ ಬಹಳ ಜನ ಹೊಟ್ಟೆ ಕರುಳಿನ ಡಾಕ್ಟರುಗಳು. ಅವರ ಬೇರೆ ರೋಗಿಗಳು ಅಂದರೆ ಯಾರು? ಹೊಟ್ಟೆ ಹುಣ್ಣು, ಎದೆಯುರಿ, ಗ್ಯಾಸ್ಟ್ರಿಕ್. ಗ್ಯಾಸ್ಟ್ರಿಕ್ ಇರುವವರು ಮೊದಲು ಬಿಡುವುದೇ ಕಾಫಿ ಅಲ್ವಾ? ಹಾಗಾಗಿ ಕ್ಯಾನ್ಸರ್ ಬಂದವರು ಜಾಸ್ತಿ ಕುಡಿದಿದ್ದರು ಅಂತಲ್ಲ, ಪಕ್ಕದಲ್ಲಿಟ್ಟು ಹೋಲಿಸಿದವರೇ ಕಡಿಮೆ ಕುಡಿಯುತ್ತಿದ್ದರು. ಕೆಲವು ವರ್ಷದ ಮೇಲೆ ಅದೇ ತಂಡ ಮತ್ತೆ ಲೆಕ್ಕ ಹಾಕಿದಾಗ ಆ ಸಂಬಂಧ ಹೆಚ್ಚುಕಡಿಮೆ ಮಾಯ. ನಾನು ಪ್ರತಿ ವರ್ಷ ಪಾಠ ಶುರು ಮಾಡುತ್ತಿದ್ದದ್ದೇ ಈ ಕಥೆಯಿಂದ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಕಾಫಿಯನ್ನು ಸಂಶಯದ ಪಟ್ಟಿಯಿಂದ ತೆಗೆಯಿತು. ಆದರೆ ಅದೇ ವರ್ಷ ಇನ್ನೊಂದು ಮಾತು ಹೇಳಿತು. ಕಾಫಿ, ಟೀ ಯಾವುದೇ ಇರಲಿ, 65 ಡಿಗ್ರಿಗಿಂತ ಬಿಸಿಯಾಗಿ ಕುಡಿದರೆ ಅನ್ನನಾಳದ ಕ್ಯಾನ್ಸರಿಗೆ ಅದು ಕಾರಣ ಆಗಬಹುದು ಅಂತ. ಹೊಗೆಯಾಡುವ ಲೋಟವನ್ನು ಸೆರಗಿನಲ್ಲಿ ಹಿಡಿದು ಕುಡಿಯುವ ನನ್ನಂಥವರಿಗೆ ಇದೇ ಕಷ್ಟದ ಸುದ್ದಿ. ಈಗ ಡವರಾ ತುಂಬ ಆರಿಸಿಕೊಂಡು ಕುಡಿಯುತ್ತೇನೆ. ರುಚಿ ಅರ್ಧ.

ಪ್ರಶ್ನೆ: ಎರಡು ಸಲ ನೊಬೆಲ್ ಬಂದ ವಿಜ್ಞಾನಿಯೇ ಹೇಳಿದ್ದಾರೆ ಅಂತ ನಮ್ಮ ಭಾವ ದಿನಾ ಹಿಡಿ ಹಿಡಿ ವಿಟಮಿನ್ ಸಿ ಮಾತ್ರೆ ನುಂಗುತ್ತಾರೆ. ಕ್ಯಾನ್ಸರೂ ಹತ್ತಿರ ಬರಲ್ಲವಂತೆ. (ಓದುಗಿ, ಸಾಗರ)

ಲೈನಸ್ ಪೌಲಿಂಗ್ ಇರಬೇಕು. 1954ರಲ್ಲಿ ರಸಾಯನಶಾಸ್ತ್ರಕ್ಕೆ, 1962ರಲ್ಲಿ ಶಾಂತಿಗೆ ನೊಬೆಲ್ ಬಂದಿದ್ದು ನಿಜ. ವಿಟಮಿನ್ ಸಿ ಕೊಟ್ಟ ಕ್ಯಾನ್ಸರ್ ರೋಗಿಗಳು ಹೆಚ್ಚು ದಿನ ಬದುಕಿದರು ಅಂತ ಅವರು, ಸ್ಕಾಟ್ಲೆಂಡಿನ ಒಬ್ಬ ಡಾಕ್ಟರ ಜೊತೆ ಬರೆದದ್ದೂ ನಿಜ. ಹೋಲಿಸಿದ್ದು ಯಾರ ಜೊತೆ? ಆಸ್ಪತ್ರೆಯ ಹಳೆಯ ಫೈಲುಗಳಲ್ಲಿದ್ದ ರೋಗಿಗಳ ಜೊತೆ. ಆಮೇಲೆ ಅಮೆರಿಕದ ಮೇಯೊ ಕ್ಲಿನಿಕ್‌ನವರು ಎರಡು ಸಲ ಸರಿಯಾಗಿ ಪರೀಕ್ಷೆ ಮಾಡಿದರು. ಅರ್ಧ ರೋಗಿಗಳಿಗೆ ದಿನಕ್ಕೆ 10 ಗ್ರಾಂ ವಿಟಮಿನ್ ಸಿ, ಇನ್ನರ್ಧಕ್ಕೆ ನೋಡಲು ಹಾಗೇ ಇರುವ ಸಪ್ಪೆ ಮಾತ್ರೆ. ಉಪಯೋಗವೇನೂ ಕಾಣಲಿಲ್ಲ. ಭಾವನಿಗೆ ನೆಲ್ಲಿಕಾಯಿ ಚಿತ್ರಾನ್ನ ಮಾಡಿ ಹಾಕಿ.

ಪ್ರಶ್ನೆ: ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ಪ್ರಾಜೆಕ್ಟ್ ವರದಿ ಜೊತೆ ಎಕ್ಸೆಲ್ ಫೈಲನ್ನೂ ಕೊಡಿ ಅಂತ ನಮ್ಮ ಸರ್ ಹಠ ಹಿಡಿದಿದ್ದಾರೆ. ಉತ್ತರ ಸರಿ ಇದ್ದರೆ ಸಾಲದಾ? (ವಿದ್ಯಾರ್ಥಿ, ದಾವಣಗೆರೆ)

ನಿಮ್ಮ ಸರ್‌ಗೆ ನನ್ನ ನಮಸ್ಕಾರ ಹೇಳಿ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೊಗಾಫ್ ಅಂತ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು ಒಂದು ಲೇಖನ ಬರೆದರು. ದೇಶದ ಸಾಲ ಜಿಡಿಪಿಯ (ವರ್ಷದ ಒಟ್ಟು ಉತ್ಪಾದನೆಯ) ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ, ಸರಾಸರಿ ಮೈನಸ್ 0.1ಕ್ಕೆ ಇಳಿಯುತ್ತದೆ ಅಂತ. ಸರ್ಕಾರದ ಖರ್ಚು ಕತ್ತರಿಸಬೇಕು ಅನ್ನುತ್ತಿದ್ದ ಯುರೋಪ್, ಅಮೆರಿಕದ ರಾಜಕಾರಣಿಗಳಿಗೆ ಹಬ್ಬ.

ಥಾಮಸ್ ಹೆರ್ನ್‌ಡನ್ ಅನ್ನುವ ವಿದ್ಯಾರ್ಥಿಗೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಹೋಂವರ್ಕ್ ಕೊಟ್ಟಿದ್ದರು. ಯಾವುದಾದರೂ ಹೆಸರಾದ ಲೇಖನ ತಗೊಂಡು ಅದರ ಲೆಕ್ಕ ಮತ್ತೆ ಮಾಡಿ ತೋರಿಸು ಅಂತ. ಇವನು ಇದನ್ನೇ ಆರಿಸಿಕೊಂಡ. ಎಷ್ಟು ಸಲ ಮಾಡಿದರೂ ಅದೇ ಉತ್ತರ ಬರುತ್ತಿಲ್ಲ. ಕೊನೆಗೆ ಲೇಖಕರಿಗೇ ಬರೆದು ಕೇಳಿದ. ಅವರು ಎಕ್ಸೆಲ್ ಫೈಲ್ ಕಳಿಸಿದರು, ಆ ದೊಡ್ಡತನ ಒಪ್ಪಬೇಕು. ತೆರೆದು ನೋಡಿದರೆ ಸರಾಸರಿಯ ಸೂತ್ರ ಕೆಳಗಿನ ಐದು ಸಾಲು ಮುಟ್ಟಿಯೇ ಇಲ್ಲ! ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ದೇಶ ಹೊರಗೆ.

ಎಲ್ಲರೂ ಈ ಐದು ಸಾಲಿನ ಬಗ್ಗೆ ನಕ್ಕರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿದ್ದು ಬೇರೆ. ಬ್ರಿಟನ್ನಿನ 19 ವರ್ಷದ ಲೆಕ್ಕಕ್ಕೂ ನ್ಯೂಜಿಲೆಂಡಿನ ಒಂದೇ ಒಂದು ಕೆಟ್ಟ ವರ್ಷಕ್ಕೂ ಸರಾಸರಿಯಲ್ಲಿ ಒಂದೇ ತೂಕ ಕೊಟ್ಟಿದ್ದರು. ಎಲ್ಲ ಸರಿ ಮಾಡಿ ಹೆರ್ನ್‌ಡನ್ ಮತ್ತು ಅವನ ಮೇಷ್ಟ್ರುಗಳು 2013ರಲ್ಲಿ ಲೆಕ್ಕ ಹಾಕಿದಾಗ ಬೆಳವಣಿಗೆ ಶೇ. 2.2 ಬಂತು. ಎಕ್ಸೆಲ್ ತಪ್ಪನ್ನು ಲೇಖಕರು ಒಪ್ಪಿದರು, ಸಾಲ ಜಾಸ್ತಿ ಆದರೆ ಬೆಳವಣಿಗೆ ಕಡಿಮೆ ಅನ್ನುವ ಮಾತನ್ನು ಬಿಡಲಿಲ್ಲ. ಫೈಲ್ ಕೊಡಿ. ಕೊಡುವ ಮೊದಲು ಕೊನೆಯ ಸಾಲಿನ ತನಕ ಸೂತ್ರ ಎಳೆದಿದ್ದೀರಾ ಅಂತ ನೋಡಿ.

ಪ್ರಶ್ನೆ: ಸೊಸೆಗೆ ಟಿಬಿ ಬಂದಿದೆ. ಮನೆಯಲ್ಲೇ ಇದ್ದು ಮಾತ್ರೆ ತಗೊಳ್ಳಲಿ ಅಂದಿದ್ದಾರೆ ಡಾಕ್ಟರು. ಬೇರೆ ಕಡೆ ಇಟ್ಟುಬಿಡಿ ಅಂತಾರೆ ನೆಂಟರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಮನೆ ಸಣ್ಣದು. (ಓದುಗಿ, ಶಿರಾ)

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ನೆಂಟರು ಕೇಳಿದ್ದನ್ನೇ 1956ರಲ್ಲಿ ಮದ್ರಾಸಿನಲ್ಲೂ ಕೇಳಿದ್ದರು. ಆಗ ಟಿಬಿ ಅಂದರೆ ಸ್ಯಾನಟೋರಿಯಂ, ಕ್ಷಯದವರಿಗೇ ಇದ್ದ ಆಸ್ಪತ್ರೆ. ಒಳ್ಳೆ ಗಾಳಿ, ಹಾಲು ಮೊಟ್ಟೆ, ತಿಂಗಳುಗಟ್ಟಲೆ ಮಲಗುವುದು. ಮಂಚ ಇದ್ದದ್ದು ಸ್ವಲ್ಪ, ರೋಗಿಗಳು ಲಕ್ಷಗಟ್ಟಲೆ. ಹೊಸ ಮಾತ್ರೆ ಬಂದಿತ್ತು. ಅದನ್ನು ಮನೆಯಲ್ಲೇ ಕೊಟ್ಟರೆ ಸಾಕಾ?

ಅಲ್ಲಿನ ಸಂಶೋಧಕರು ನೂರ ತೊಂಬತ್ತಮೂರು ಜನ ಬಡ ರೋಗಿಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧ ಜನ ಸ್ಯಾನಟೋರಿಯಂಗೆ, ಅರ್ಧ ಜನ ಅವರವರ ಮನೆಗೆ. ಡಾಕ್ಟರು ಆರಿಸಲಿಲ್ಲ, ರೋಗಿಯೂ ಆರಿಸಲಿಲ್ಲ. ಅದೇ ಇದರ ಗಟ್ಟಿತನ. ಎರಡೂ ಕಡೆ ಒಂದು ವರ್ಷ ಅದೇ ಮಾತ್ರೆ. ಮನೆಗೆ ಹೋದವರಿಗೆ ಇಕ್ಕಟ್ಟಿನ ಜಾಗ, ಊಟ ಕಡಿಮೆ, ಸುಮ್ನೆ ಮಲಗಲು ಬಿಡುವೂ ಇಲ್ಲ. ಆದರೂ ವರ್ಷದ ಕೊನೆಗೆ ಎರಡು ಗುಂಪೂ ಹೆಚ್ಚುಕಡಿಮೆ ಒಂದೇ ಥರ ಗುಣವಾಗಿತ್ತು. ಗುಣ ಮಾಡಿದ್ದು ಮಾತ್ರೆ, ಮಂಚ ಅಲ್ಲ. ಇನ್ನು ನಿಮ್ಮ ಭಯ. ಎರಡೂ ಗುಂಪಿನ ಮನೆಯವರನ್ನು ಐದು ವರ್ಷ ನೋಡಿಕೊಂಡರು. ರೋಗಿ ಮನೆಯಲ್ಲೇ ಇದ್ದ ಕುಟುಂಬಗಳಲ್ಲಿ ಟಿಬಿ ಜಾಸ್ತಿ ಬರಲಿಲ್ಲ. ಅಂಟುವುದು ಬಹುಮಟ್ಟಿಗೆ ಮಾತ್ರೆ ಶುರುವಾಗುವ ಮೊದಲೇ ಅಂಟಿರುತ್ತದೆ.

ಅದಕ್ಕೇ ಮನೆಯವರೆಲ್ಲರನ್ನೂ, ಮಕ್ಕಳನ್ನು ಮೊದಲು, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಪಾಸಣೆ ಮಾಡಿಸಿ. ಖರ್ಚಿಲ್ಲ. ಕಿಟಕಿ ತೆರೆದಿಡಿ. ಸೊಸೆ ಚೆನ್ನಾಗಿದ್ದೇನೆ ಅಂತ ಎರಡನೇ ತಿಂಗಳಿಗೇ ಮಾತ್ರೆ ಬಿಡದ ಹಾಗೆ ನೋಡಿಕೊಳ್ಳಿ. ಅವರ ತಟ್ಟೆ ಲೋಟ ಬೇರೆ ಇಡುವುದು ಬೇಡ.

ನೀವು ಶಿರಾದವರು, ಆದ್ದರಿಂದ ಇನ್ನೊಂದು ಹೇಳಲೇಬೇಕು. ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೇ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಒಂದು ಅಧ್ಯಯನ ಮಾಡಿದ್ದರು. ದೇಬಬಾರ್ ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ಇಬ್ಬರೂ 1963ರಲ್ಲಿ ಅಚ್ಚು ಹಾಕಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಆಸ್ಪತ್ರೆಗೆ ಬರಲ್ಲ ಅಂತ ಆಗ ಎಲ್ಲರೂ ಹೇಳುತ್ತಿದ್ದರು. ಇವರು ಎಕ್ಸ್‌ರೇಯಲ್ಲಿ ಟಿಬಿ ಕಂಡವರ ಮನೆಗೇ ಹೋಗಿ ಕೇಳಿದರು. ಬಹಳಷ್ಟು ಜನಕ್ಕೆ ಕೆಮ್ಮು, ಜ್ವರ ಇರುವುದು ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಆಸ್ಪತ್ರೆಗೆ ಹೋಗಿಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿ ಬಾಟಲಿ! ಬರಲಿಲ್ಲ ಅಂತ ಜನರನ್ನು ಬೈದರು, ಬಂದವರನ್ನು ಯಾರೂ ಎಣಿಸಿರಲಿಲ್ಲ.

ಪ್ರಶ್ನೆ: ಸರ್ವೆ ಅಂತ ಒಬ್ಬ ಹುಡುಗಿ ಬಂದಿದ್ದಳು. ಒಂದು ಗಂಟೆ ಪ್ರಶ್ನೆ. ಅರ್ಧಕ್ಕೇ ಎದ್ದು ಕಳಿಸಿಬಿಟ್ಟೆ. ತಪ್ಪಾ? (ಓದುಗಿ, ಹುಬ್ಬಳ್ಳಿ)

ನಿಮ್ಮ ಬಾಗಿಲಲ್ಲಿ ನಿಂತಿದ್ದ ಆ ಹುಡುಗಿ ಒಂದು ಕಾಲದಲ್ಲಿ ನಾನೇ. ಕೆಲಸ ಸಿಗುವ ಮೊದಲು ಎರಡು ವರ್ಷ ಪಾವಗಡದ ಕಡೆ ಮನೆ ಖರ್ಚಿನ ಸರ್ವೆ ಮಾಡಿದ್ದೆ. ಪಟ್ಟಿಯಲ್ಲಿ ಪ್ರತಿ ಹತ್ತನೇ ಮನೆ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಅರ್ಧ ಮನೆಗೆ ಬೀಗ. "ಪಕ್ಕದ ಮನೆ ಬರ್ಕೊಳ್ಳಿ, ಬಸ್ಸು ಹೊರಡುತ್ತೆ" ಅಂತಿದ್ದರು ಮೇಲ್ವಿಚಾರಕರು. ಹಗಲು ಹೊತ್ತು ಬಾಗಿಲು ತೆರೆದಿರುವುದು ಯಾರ ಮನೆ? ಅಂಗಡಿಯವರದು, ಜಮೀನಿದ್ದವರದು. ಬೀಗ ಹಾಕಿದ್ದು ಕೂಲಿಗೆ ಹೋದವರದು. ಕೊನೆಗೆ ವರದಿಯಲ್ಲಿ ಊರಿಗೆ ಊರೇ ಅನುಕೂಲಸ್ಥರು.

ಒಂದು ದಿನ ಬಸ್ಸು ಬಿಟ್ಟು ಜಗಲಿ ಮೇಲೆ ಕೂತೆ. ಏಳು ಗಂಟೆಗೆ ಮನೆಯಾಕೆ ಬಂದರು, ಸೆರಗಿನಲ್ಲಿ ಕಡಲೆಕಾಯಿ ಕಟ್ಟಿಕೊಂಡು. ಅರ್ಧ ನನ್ನ ಮುಂದೆ ಸುರಿದರು. ಒಲೆ ಹಚ್ಚುತ್ತಾ ಎಲ್ಲದಕ್ಕೂ ಉತ್ತರ ಹೇಳಿದರು. ಆ ರಾತ್ರಿ ಅವರ ಮನೆಯಲ್ಲೇ ಮಲಗಿದೆ. ಮೇಲ್ವಿಚಾರಕರು ಮಾರನೇ ದಿನ ಬೈದರು.

ಹುಬ್ಬಳ್ಳಿಯ ಹುಡುಗಿ ಮತ್ತೆ ಬಂದರೆ ಗುರುತಿನ ಚೀಟಿ ನೋಡಿ, ಒಳಗೆ ಕರೆದು ಕೂರಿಸಿ. ಹೇಳಲು ಇಷ್ಟವಿಲ್ಲದ್ದನ್ನು ಹೇಳಬೇಡಿ. ಒಟಿಪಿ ಕೇಳಿದರೆ ಮಾತ್ರ ಬಾಗಿಲು ಹಾಕಿ.