ಓದುಗರ ಪ್ರಶ್ನೆ: ಹುಬ್ಬಳ್ಳಿಯ ಉದ್ದದ ಪ್ಲಾಟ್‌ಫಾರಂ

ಪ್ರಶ್ನೆ: ಹುಬ್ಬಳ್ಳಿಯ 8ನೇ ಪ್ಲಾಟ್‌ಫಾರಂ ಅಷ್ಟುದ್ದ ಯಾಕೆ? ಮುಂಬೈ ಸಿಎಸ್‌ಎಂಟಿಯಂಥ ದೊಡ್ಡ ನಿಲ್ದಾಣಕ್ಕೇ ಅದು ಬೇಕಾಗಿಲ್ಲವಲ್ಲ? (ಗದಗದ ಓದುಗರು)

ಉತ್ತರ: ಎರಡೂ ಬೇರೆ ಜಾತಿಯ ನಿಲ್ದಾಣಗಳು. ಸಿಎಸ್‌ಎಂಟಿಯಲ್ಲಿ ಹಳಿ ಮುಗಿದೇ ಹೋಗುತ್ತದೆ. ಬಂದ ಎಂಜಿನ್ ತಡೆಗಟ್ಟೆ ಮತ್ತು ಬೋಗಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಬೋಗಿಗಳನ್ನು ಎಳೆದ ಮೇಲೇ ಅದಕ್ಕೆ ಬಿಡುಗಡೆ. ಅಷ್ಟು ಹೊತ್ತು ಪ್ಲಾಟ್‌ಫಾರಂ ಖಾಲಿಯಾಗದು, ಹಾಗಾಗಿ ಅಲ್ಲಿ ಬೇಕಾದದ್ದು ಸಾಲು ಸಾಲು ಪ್ಲಾಟ್‌ಫಾರಂ. ಹುಬ್ಬಳ್ಳಿ ಹಾಗಲ್ಲ, ಗದಗ, ಬೆಂಗಳೂರು, ಲೋಂಡಾ ದಿಕ್ಕಿನ ಹಳಿಗಳು ಕೂಡುವ ಜಂಕ್ಷನ್. 24 ಬೋಗಿಯ ಎಲ್‌ಎಚ್‌ಬಿ (ಹೊಸ ಮಾದರಿಯ ಬೋಗಿಗಳ) ರೈಲು ಎಂಜಿನ್ ಸೇರಿ ಸುಮಾರು 600 ಮೀಟರ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ಪ್ಲಾಟ್‌ಫಾರಂ 1507 ಮೀಟರ್ ಇರುವುದರಿಂದ ಅಂಥ ಎರಡು ರೈಲು ಒಂದರ ಹಿಂದೊಂದು ನಿಲ್ಲಬಹುದು. ಗೋರಖ್‌ಪುರದ 1366 ಮೀಟರ್ ದಾಖಲೆ ಮುರಿದದ್ದು ಸುದ್ದಿಯಾಯಿತು, ಆದರೆ ನಿಜವಾದ ಲಾಭ ಇದೇ. ತುದಿಯಿಂದ ತುದಿಗೆ ನಡೆಯಲು 18-20 ನಿಮಿಷ ಬೇಕು. ಬೋಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಕೆಲವು ಕಡೆ ರೈಲು ಹತ್ತುವಾಗ ಬೋಗಿಯ ಮೆಟ್ಟಿಲು ತೀರಾ ಎತ್ತರ ಅನಿಸುತ್ತದೆ. ಯಾಕೆ? (ಹಾವೇರಿಯ ಓದುಗರು)

ಉತ್ತರ: ಎತ್ತರದ ಪ್ಲಾಟ್‌ಫಾರಂ ಹಳಿಯ ಮೇಲ್ಮೈಯಿಂದ 760ರಿಂದ 840 ಮಿ.ಮೀ. ಇರಬೇಕು. ಜಲ್ಲಿ ತುಂಬಿ ಹಳಿ ಸಮ ಮಾಡುವಾಗ ಪ್ರತಿಸಲ ಹಳಿಯೇ ಸ್ವಲ್ಪ ಮೇಲೇಳುತ್ತದೆ, ಪ್ಲಾಟ್‌ಫಾರಂ ಇದ್ದಲ್ಲೇ ಇರುತ್ತದೆ. ಹಳಿಯ ಜೊತೆ ಬೋಗಿಯ ಮೆಟ್ಟಿಲೂ ಮೇಲೇರುತ್ತದೆ. ಹಲವು ವರ್ಷ ಹೀಗಾದರೆ ಪ್ಲಾಟ್‌ಫಾರಂನ ಕಲ್ಲು ಕಿತ್ತು ಅದನ್ನು ಎತ್ತರಿಸದೆ ಗತಿಯಿಲ್ಲ. ಹಳೆಯ ತಗ್ಗು ಪ್ಲಾಟ್‌ಫಾರಂಗಳ ಕಥೆ ಬೇರೆ, ಅವನ್ನು ಕಟ್ಟಿದ್ದೇ ಹಾಗೆ.