ನೀವು ಕೇಳಿದಿರಿ: ಕ್ಯಾನರಿ ವಾರ್ಫ್‌ನಲ್ಲಿ ದಾರಿ ಯಾವುದು?

ಪ್ರಶ್ನೆ: ಅಕ್ಕಾ, ಮುಂದಿನ ತಿಂಗಳು ಕಂಪನಿ ಕೆಲಸದ ಮೇಲೆ ಮೂರು ದಿನ ಲಂಡನ್‌ಗೆ ಹೋಗುತ್ತಿದ್ದೇನೆ. ಇದೇ ಮೊದಲ ವಿದೇಶ ಪ್ರಯಾಣ. ಆಫೀಸು, ಹೋಟೆಲು ಎರಡೂ ಅಲ್ಲಿನ ಕ್ಯಾನರಿ ವಾರ್ಫ್ ಅನ್ನುವ ಬ್ಯಾಂಕು-ಆಫೀಸುಗಳ ಪ್ರದೇಶದಲ್ಲಿವೆ. ಹೀಥ್ರೋ ಏರ್‌ಪೋರ್ಟ್‌ನಿಂದ ಟ್ಯಾಕ್ಸಿ ಹಿಡಿಯಲೋ, ರೈಲಿಗೆ ಹೋಗಲೋ? ಮ್ಯಾಪ್ ನೋಡಿದರೆ ಅಲ್ಲಿ ಒಂದೇ ಹೆಸರಿನ ಮೂರು ಸ್ಟೇಷನ್ ಇವೆ. ಯಾವುದರಲ್ಲಿ ಇಳಿಯಬೇಕು?
(ಓದುಗರು, ದಾವಣಗೆರೆ)

ಉತ್ತರ: ರೈಲಿಗೇ ಹೋಗಿ. ಎಲಿಜಬೆತ್ ಲೈನ್ ಅನ್ನುವ ರೈಲು ಮಾರ್ಗ ಬಂದ ಮೇಲೆ ಹೀಥ್ರೋದಿಂದ ಕ್ಯಾನರಿ ವಾರ್ಫ್‌ಗೆ ನೇರ ರೈಲು ಇದೆ. ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ. ಟ್ಯಾಕ್ಸಿ ಇಡೀ ಊರನ್ನು ಅಡ್ಡ ಹಾಯಬೇಕು, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಮುಗಿಯಿತು. ಪ್ಲಾಟ್‌ಫಾರ್ಮ್‌ನಲ್ಲಿ ಒಂದು ಎಚ್ಚರ ಇರಲಿ. ಏರ್‌ಪೋರ್ಟ್‌ನಿಂದ ಹೀಥ್ರೋ ಎಕ್ಸ್‌ಪ್ರೆಸ್ ಅನ್ನುವ ಇನ್ನೊಂದು ರೈಲೂ ಹೊರಡುತ್ತದೆ. ಅದರ ಟಿಕೆಟ್ ಜಾಸ್ತಿ, ಹೋಗುವುದೂ ಪ್ಯಾಡಿಂಗ್ಟನ್ ತನಕ ಮಾತ್ರ. ಬೋರ್ಡಿನಲ್ಲಿ ಎಲಿಜಬೆತ್ ಲೈನ್ ರೈಲಿನ ಕೊನೆಯ ಸ್ಟೇಷನ್ 'ಆಬಿ ವುಡ್' ಅಂತ ಬಂದರೆ ಕಣ್ಣು ಮುಚ್ಚಿ ಹತ್ತಿ. 'ಶೆನ್‌ಫೀಲ್ಡ್' ಅಂತ ಇದ್ದರೆ ವೈಟ್‌ಚಾಪೆಲ್‌ನಲ್ಲಿ ಇಳಿದು ಬದಲಾಯಿಸಬೇಕು.

ಇನ್ನು ಮೂರು ಸ್ಟೇಷನ್ ವಿಷಯ. ನಿಮ್ಮ ಗೊಂದಲ ಸರಿಯಾಗಿಯೇ ಇದೆ. ಎಲಿಜಬೆತ್ ಲೈನ್‌ದು ಒಂದು, ಜ್ಯೂಬಿಲಿ ಲೈನ್ ಅನ್ನುವ ಮೆಟ್ರೋದು ಒಂದು, ಡಿಎಲ್‌ಆರ್ ಅನ್ನುವ ಪುಟ್ಟ ರೈಲಿನದು ಇನ್ನೊಂದು. ಮೂರಕ್ಕೂ ಕ್ಯಾನರಿ ವಾರ್ಫ್ ಅಂತಲೇ ಹೆಸರು. ಆದರೆ ಮೂರೂ ಬೇರೆ ಬೇರೆ ಕಟ್ಟಡ, ಒಂದರಿಂದ ಇನ್ನೊಂದಕ್ಕೆ ಹೊರಗೆ ಬಂದೇ ನಡೆಯಬೇಕು. ನಾನು ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಜೊತೆಯವಳೊಬ್ಬಳಿಗೆ 'ಸ್ಟೇಷನ್ ಮುಂದೆ ಸಿಗೋಣ' ಅಂದಿದ್ದೆ. ಫೆಬ್ರವರಿಯ ಚಳಿಯಲ್ಲಿ ನಾನು ಜ್ಯೂಬಿಲಿ ಸ್ಟೇಷನ್ ಮುಂದೆ, ಅವಳು ಡಿಎಲ್‌ಆರ್ ಮುಂದೆ, ನಲವತ್ತು ನಿಮಿಷ ನಿಂತಿದ್ದೆವು. ಯಾರಾದರೂ ಸ್ಟೇಷನ್ ಹತ್ತಿರ ಬನ್ನಿ ಅಂದರೆ ಯಾವ ಲೈನ್ ಅಂತ ಕೇಳಿಯೇ ಹೊರಡಿ. ನಿಮ್ಮ ಹೋಟೆಲ್‌ನವರನ್ನೂ ಇದನ್ನೇ ಕೇಳಿ.

ದುಡ್ಡು ಕಟ್ಟಲು ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಸಾಕು. ಹೊರಡುವ ಮೊದಲು ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿಕೊಳ್ಳಿ. ಒಳಗೆ ಹೋಗುವಾಗ ಯಾವ ಕಾರ್ಡ್ ಮುಟ್ಟಿಸಿದಿರೋ ಹೊರಗೆ ಬರುವಾಗಲೂ ಅದೇ ಕಾರ್ಡ್. ಒಂದು ಸಲ ಫೋನು, ಒಂದು ಸಲ ಕಾರ್ಡು ಅಂತ ಮಾಡಿದರೆ ಯಂತ್ರ ಇಬ್ಬರು ಪ್ರಯಾಣಿಕರು ಅಂದುಕೊಂಡು ದುಡ್ಡು ಜಾಸ್ತಿ ಕತ್ತರಿಸುತ್ತದೆ.

ಪ್ರಶ್ನೆ: ನಮಸ್ಕಾರ. ನನಗೆ 63 ವರ್ಷ, ಯಜಮಾನರಿಗೆ 68. ಮೇ ತಿಂಗಳಲ್ಲಿ ಮಗನ ಮನೆಗೆ ಹೋಗುತ್ತಿದ್ದೇವೆ. ಅವನ ಮನೆ ಲಂಡನ್ನಿನ ಇಲ್ಫರ್ಡ್‌ನಲ್ಲಿ, ಕೆಲಸ ಕ್ಯಾನರಿ ವಾರ್ಫ್‌ನ ಒಂದು ಬ್ಯಾಂಕಿನಲ್ಲಿ. ಅವನು ಕೆಲಸ ಮಾಡುವ ಜಾಗ ನೋಡಬೇಕು ಅಂತ ನನಗೆ ಆಸೆ. 'ಅಲ್ಲಿ ಏನಿದೆ ಅಮ್ಮಾ, ಬರೀ ಆಫೀಸುಗಳು' ಅಂತಾನೆ. ರಜೆಯೂ ಸಿಗುವುದಿಲ್ಲವಂತೆ. ನಾವಿಬ್ಬರೇ ಹೋಗಿಬರಬಹುದಾ? ನಮ್ಮಂಥವರನ್ನು ಆ ದೊಡ್ಡ ಕಟ್ಟಡಗಳ ನಡುವೆ ಬಿಡುತ್ತಾರಾ? ನನಗೆ ಮೊಣಕಾಲು ನೋವು, ಇಂಗ್ಲಿಷ್ ಅಷ್ಟಕ್ಕಷ್ಟೆ.
(ಒಬ್ಬ ತಾಯಿ, ಹಾಸನ)

ಉತ್ತರ: ಅಮ್ಮಾ, ಖಂಡಿತ ಹೋಗಿಬನ್ನಿ. ನಿಮ್ಮ ಕಾಗದ ಓದಿ ನನ್ನ ಅಮ್ಮ ನೆನಪಾದರು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಭಯದ ಮಾತು. ಆ ಜಾಗ ಖಾಸಗಿಯವರದ್ದು, ನಿಜ. ಅಲ್ಲಲ್ಲಿ ಸೆಕ್ಯುರಿಟಿಯವರು ನಿಂತಿರುತ್ತಾರೆ, ಓಡಾಡುತ್ತಿರುತ್ತಾರೆ. 1996ರಲ್ಲಿ ಪಕ್ಕದ ಸೌತ್ ಕೀ ಹತ್ತಿರ ಬಾಂಬ್ ಸಿಡಿದು ಇಬ್ಬರು ಸತ್ತಿದ್ದರು, ಆ ಎಚ್ಚರ ಇನ್ನೂ ಇದೆ. ಆದರೆ ರಸ್ತೆ, ಪಾರ್ಕು, ಅಂಗಡಿ, ನೀರಿನ ಪಕ್ಕದ ದಾರಿ ಎಲ್ಲವೂ ಎಲ್ಲರಿಗೂ ತೆರೆದಿವೆ. ಸೀರೆ ಉಟ್ಟವರನ್ನೂ ಸೂಟು ಹಾಕಿದವರನ್ನೂ ಯಾರೂ ತಡೆದು ಕೇಳುವುದಿಲ್ಲ. ಫೋನಿನಲ್ಲಿ ಫೋಟೋ ತೆಗೆಯಿರಿ, ತೊಂದರೆ ಇಲ್ಲ. ದಾರಿ ತಪ್ಪಿದರೆ ಆ ಸೆಕ್ಯುರಿಟಿಯವರನ್ನೇ ಕೇಳಿ. ನನಗೆ ಅವರು ಎಷ್ಟೋ ಸಲ ಜೊತೆಗೆ ನಾಲ್ಕು ಹೆಜ್ಜೆ ಬಂದು ದಾರಿ ತೋರಿಸಿದ್ದಾರೆ.

ಇಲ್ಫರ್ಡ್‌ನಿಂದ ಎಲಿಜಬೆತ್ ಲೈನ್ ಹಿಡಿದು ಸ್ಟ್ರಾಟ್‌ಫರ್ಡ್‌ನಲ್ಲಿ ಇಳಿಯಿರಿ. ವೈಟ್‌ಚಾಪೆಲ್ ಮೇಲೆಯೂ ಹೋಗಬಹುದು, ಆದರೆ ಸ್ಟ್ರಾಟ್‌ಫರ್ಡ್ ದಾರಿ ನಿಮಗೆ ಒಳ್ಳೆಯದು. ಯಾಕೆಂದರೆ ಜ್ಯೂಬಿಲಿ ಲೈನೂ ಡಿಎಲ್‌ಆರ್ ಕೂಡ ಅಲ್ಲಿಂದಲೇ ಶುರು. ರೈಲು ಖಾಲಿ ಬಂದು ನಿಲ್ಲುತ್ತದೆ, ಕೂರಲು ಸೀಟು ಸಿಗುತ್ತದೆ. ಹೋಗುವಾಗ ಡಿಎಲ್‌ಆರ್ ಹಿಡಿಯಿರಿ. ಅಲ್ಲಿಂದ ಅದು ಎರಡು ಕಡೆಗೆ ಹೋಗುತ್ತದೆ. ಬೋರ್ಡಿನಲ್ಲಿ 'ಕ್ಯಾನರಿ ವಾರ್ಫ್' ಅಥವಾ 'ಲೂಯಿಶಂ' ಅಂತ ಇರುವುದೇ ನಿಮ್ಮದು. ಈ ರೈಲನ್ನು ಕಂಪ್ಯೂಟರ್ ಓಡಿಸುತ್ತದೆ, ಮುಂದೆ ಡ್ರೈವರ್ ಕ್ಯಾಬಿನ್ ಇಲ್ಲ. ಮೊದಲ ಬೋಗಿಯ ಮುಂದಿನ ಸೀಟು ಸಿಕ್ಕರೆ ಯಜಮಾನರನ್ನು ಅಲ್ಲಿ ಕೂರಿಸಿ. ಪಾಪ್ಲರ್ ದಾಟಿದ ಮೇಲೆ ಹಳಿ ನೀರಿನ ಮೇಲೆ ಹೋಗಿ, ಎತ್ತರದ ಕಟ್ಟಡಗಳ ನಡುವೆ ನುಗ್ಗುತ್ತದೆ. ಹತ್ತು ವರ್ಷ ಆ ದಾರಿಯಲ್ಲಿ ಹೋಗಿಬಂದರೂ ಆ ಒಂದು ನಿಮಿಷಕ್ಕೆ ನಾನು ಫೋನಿನಿಂದ ತಲೆ ಎತ್ತುತ್ತಿದ್ದೆ.

ಡಿಎಲ್‌ಆರ್ ಸ್ಟೇಷನ್‌ಗಳಿಗೆ, ಜ್ಯೂಬಿಲಿ ಲೈನ್‌ನ ಕ್ಯಾನರಿ ವಾರ್ಫ್‌ಗೆ ಲಿಫ್ಟ್ ಇದೆ. ಮೊಣಕಾಲಿಗೆ ಚಿಂತೆ ಬೇಡ. ಆದರೆ ಡಿಎಲ್‌ಆರ್ ಕ್ಯಾನರಿ ವಾರ್ಫ್‌ನಲ್ಲಿ ಗೇಟು ಇಲ್ಲ. ಇಳಿದವರೆಲ್ಲ ಸುಮ್ನೆ ನಡೆದು ಹೋಗುತ್ತಿದ್ದಾರೆ ಅಂತ ಕಾಣಿಸುತ್ತದೆ. ಪಕ್ಕದ ಕಂಬದಲ್ಲಿರುವ ಯಂತ್ರಕ್ಕೆ ಕಾರ್ಡ್ ಮುಟ್ಟಿಸಲು ಮರೆತರೆ ದೊಡ್ಡ ಚಾರ್ಜ್ ಬೀಳುತ್ತದೆ. ಇಬ್ಬರಿಗೆ ಎರಡು ಕಾರ್ಡ್ ಬೇಕು, ಒಂದನ್ನೇ ಎರಡು ಸಲ ಮುಟ್ಟಿಸಬಾರದು. ಹಿರಿಯರಿಗೆ ಅಲ್ಲಿ ಇರುವ ಉಚಿತ ಪಾಸು ಲಂಡನ್ ನಿವಾಸಿಗಳಿಗೆ ಮಾತ್ರ. ಬೆಳಿಗ್ಗೆ ಒಂಬತ್ತೂವರೆ ಆದ ಮೇಲೆ ಕಾರ್ಡ್ ಮುಟ್ಟಿಸಿ ಹೊರಡಿ, ಟಿಕೆಟ್ ಕಡಿಮೆ, ನೂಕುನುಗ್ಗಲೂ ಇರುವುದಿಲ್ಲ. ಮನೆಗೆ ಹೊರಡುವುದೂ ನಾಲ್ಕು ಗಂಟೆಯ ಒಳಗೇ ಇರಲಿ.

ಅಲ್ಲಿ ಇಳಿದ ಮೇಲೆ ಹೊಸಬರು ಕಂಗಾಲಾಗುವುದು ಒಂದೇ ಕಾರಣಕ್ಕೆ. ಆ ಊರು ಅಂತಸ್ತು ಅಂತಸ್ತಾಗಿದೆ. ನೀವು ನೆಲದ ಮೇಲೆ ನಿಂತಿದ್ದೇನೆ ಅಂದುಕೊಂಡಿರುತ್ತೀರಿ, ಕಾಲ ಕೆಳಗೆ ಒಂದು ದೊಡ್ಡ ಮಾಲ್ ಇರುತ್ತದೆ. ಅದರ ಪಕ್ಕದಲ್ಲಿ, ಇನ್ನೂ ಕೆಳಗೆ, ನೀರಿನ ದಂಡೆ. ಫೋನಿನ ಮ್ಯಾಪ್‌ಗೆ ಇದು ಗೊತ್ತಾಗುವುದಿಲ್ಲ. ನೀಲಿ ಚುಕ್ಕಿ ಅತ್ತ ಇತ್ತ ಹಾರುತ್ತಿರುತ್ತದೆ. 'ಎಡಕ್ಕೋ ಬಲಕ್ಕೋ' ಅಂತ ಕೇಳಬೇಡಿ, 'ಮೇಲೋ ಕೆಳಗೋ' ಅಂತ ಕೇಳಿ. ಇಂಗ್ಲಿಷ್‌ನಲ್ಲಿ ಎರಡು ಪದ ಸಾಕು: ಅಪ್, ಡೌನ್. ಅಲ್ಲಿ ಅರ್ಧ ದಾರಿ ಅದರಲ್ಲೇ ಸಿಗುತ್ತದೆ. ಮಳೆ ಬಂದರೆ ಕೆಳಗಿನ ಮಾಲ್‌ಗಳ ಒಳಗಿಂದಲೇ ನಡೆಯಬಹುದು, ಒಂದಕ್ಕೊಂದು ಸೇರಿಕೊಂಡಿವೆ. ಶೌಚಾಲಯವೂ ಅಲ್ಲೇ.

ಡಿಎಲ್‌ಆರ್ ಪಕ್ಕದಲ್ಲೇ ತುದಿಯಲ್ಲಿ ಪಿರಮಿಡ್ ಇರುವ ಕಟ್ಟಡ ಕಾಣುತ್ತದೆ. ಅದು ಒನ್ ಕೆನಡಾ ಸ್ಕ್ವೇರ್, 235 ಮೀಟರ್ ಎತ್ತರ. 1991ರಲ್ಲಿ ಮುಗಿಯಿತು. ಇಪ್ಪತ್ತು ವರ್ಷದಷ್ಟು ಕಾಲ ಬ್ರಿಟನ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಕಟ್ಟಡ ಅದೇ ಆಗಿತ್ತು. ಮೇಲೆ ಹತ್ತಿ ನೋಡುವ ವ್ಯವಸ್ಥೆ ಇಲ್ಲ. ಕೆಳಗಿನಿಂದಲೇ ಕತ್ತು ಎತ್ತಿ ನೋಡಿ ಮುಂದೆ ಹೋಗಿ.

ನನ್ನ ಪ್ರಕಾರ ನೀವು ನಿಜವಾಗಿ ನೋಡಬೇಕಾದ್ದು ನೀರಿನ ಆಚೆ ದಡದಲ್ಲಿದೆ. ಅಲ್ಲಿ ಇಟ್ಟಿಗೆಯ ಹಳೇ ಗೋದಾಮುಗಳ ಸಾಲು ಇದೆ. ಅದರಲ್ಲೊಂದು ಈಗ ಲಂಡನ್ ಮ್ಯೂಸಿಯಂ ಡಾಕ್‌ಲ್ಯಾಂಡ್ಸ್. ಪ್ರವೇಶ ಉಚಿತ. ಡಿಎಲ್‌ಆರ್‌ನಲ್ಲಿ ಒಂದು ನಿಲ್ದಾಣ ಹಿಂದೆ, ವೆಸ್ಟ್ ಇಂಡಿಯಾ ಕೀನಲ್ಲಿ ಇಳಿದರೆ ಹತ್ತಿರ. ಈ ಜಾಗ 1802ರಲ್ಲಿ ಹಡಗುಕಟ್ಟೆಯಾಗಿ ಶುರುವಾಯಿತು. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆಳೆದ ಕಬ್ಬಿನ ಸಕ್ಕರೆ ಇಲ್ಲಿ ಇಳಿಯುತ್ತಿತ್ತು. ಆ ಕಥೆಗೆಂದೇ ಮ್ಯೂಸಿಯಂನಲ್ಲಿ ಒಂದು ವಿಭಾಗ ಇದೆ. ಹಡಗುಕಟ್ಟೆ ಕಟ್ಟಿಸಿದವರಲ್ಲಿ ಒಬ್ಬನಾದ ರಾಬರ್ಟ್ ಮಿಲಿಗನ್ ಗುಲಾಮರ ಒಡೆಯನಾಗಿದ್ದ. ಅವನ ಪ್ರತಿಮೆ ಮ್ಯೂಸಿಯಂ ಮುಂದೆಯೇ ನಿಂತಿತ್ತು. 2020ರ ಜೂನ್‌ನಲ್ಲಿ ಅದನ್ನು ತೆಗೆದರು. ಆಮೇಲೆ ಕೂಲಿಗಳ ಕಥೆ ಇದೆ. ದಿನಾ ಬೆಳಿಗ್ಗೆ ಗೇಟಿನ ಮುಂದೆ ಗುಂಪುಗಟ್ಟಿ ನಿಲ್ಲಬೇಕು, ಮೇಸ್ತ್ರಿ ಕೈ ತೋರಿಸಿದವನಿಗೆ ಮಾತ್ರ ಆ ದಿನ ಕೆಲಸ. 1889ರಲ್ಲಿ ಗಂಟೆಗೆ ಆರು ಪೆನ್ಸ್ ಕೂಲಿ ಕೊಡಿ ಅಂತ ಮುಷ್ಕರ ಹೂಡಿ ಅವರು ಗೆದ್ದರು. 1980ರಲ್ಲಿ ಹಡಗುಕಟ್ಟೆ ಮುಚ್ಚಿತು. ಬ್ಯಾಂಕುಗಳು ಬಂದದ್ದು ಆಮೇಲೆ. ಕ್ಯಾನರಿ ದ್ವೀಪಗಳಿಂದ ಹಣ್ಣು ಬರುತ್ತಿದ್ದ ಕಟ್ಟೆಯ ಹೆಸರೇ ಇಡೀ ಜಾಗಕ್ಕೆ ಉಳಿದಿದೆ.

ನಾನು ಅಲ್ಲಿ ಕೆಲಸ ಮಾಡಿದ ಮೊದಲ ನಾಲ್ಕು ವರ್ಷ ಆ ಮ್ಯೂಸಿಯಂ ಒಳಗೆ ಕಾಲಿಟ್ಟಿರಲಿಲ್ಲ. ಹೋಗಿಬಂದ ಮೇಲೆ ಮುಂಜಾನೆ ರೈಲಿನಲ್ಲಿ ಸಿಗುತ್ತಿದ್ದ ಕ್ಲೀನಿಂಗ್ ಕೆಲಸದವರ ಮುಖ ನನಗೆ ಬೇರೆಯಾಗಿ ಕಾಣತೊಡಗಿತು. ಅವರಲ್ಲಿ ಇಬ್ಬರ ಹೆಸರು ಕೇಳಿ ತಿಳಿದುಕೊಂಡೆ.

ಮ್ಯೂಸಿಯಂನಿಂದ ಸ್ವಲ್ಪ ನಡೆದರೆ ಎಲಿಜಬೆತ್ ಲೈನ್ ಸ್ಟೇಷನ್. ಅದರ ಮಾಳಿಗೆಯ ಮೇಲೊಂದು ತೋಟ ಇದೆ, ಮರದ ಜಾಲರಿಯ ಚಾವಣಿ. ಅದೂ ಉಚಿತ. ಭೂಮಿಯನ್ನು ಪೂರ್ವ, ಪಶ್ಚಿಮ ಅಂತ ಭಾಗ ಮಾಡುವ ಗ್ರೀನಿಚ್ ರೇಖೆ ಅಲ್ಲೇ ಹತ್ತಿರ ಹಾದುಹೋಗುವುದರಿಂದ ಪೂರ್ವದ ದೇಶಗಳ ಗಿಡಗಳನ್ನು ಪೂರ್ವಕ್ಕೆ, ಪಶ್ಚಿಮದವನ್ನು ಪಶ್ಚಿಮಕ್ಕೆ ನೆಟ್ಟಿದ್ದಾರೆ. ಬಿದಿರು ಇರುವ ಕಡೆ ನಮ್ಮ ಕಡೆ! ಅಲ್ಲಿ ಬೆಂಚುಗಳಿವೆ, ಕಾಲು ಚಾಚಿ ಕೂರಬಹುದು.

ಒಂದು ಶಾಲು ತಪ್ಪದೇ ಇಟ್ಟುಕೊಳ್ಳಿ. ಮೇ ತಿಂಗಳಾದರೂ ಆ ಕಟ್ಟಡಗಳ ಸಂದಿಯಲ್ಲಿ ಗಾಳಿ ಜೋರು. ಊಟ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ. ಜ್ಯೂಬಿಲಿ ಪಾರ್ಕ್‌ನಲ್ಲಿ ಕೂತು ತಿನ್ನಿ. ಮಧ್ಯಾಹ್ನ ಆಫೀಸಿನವರೂ ಅಲ್ಲೇ ಡಬ್ಬಿ ಬಿಚ್ಚುತ್ತಾರೆ.

ಈಗ ಆಫೀಸಿನ ವಿಷಯ. ಅಲ್ಲಿನ ಕಟ್ಟಡಗಳ ಒಳಗೆ ಹೋಗಲು ಮೊದಲೇ ಹೆಸರು ಬರೆಸಿರಬೇಕು, ಗುರುತಿನ ಚೀಟಿ ತೋರಿಸಬೇಕು. ಬ್ಯಾಂಕುಗಳಲ್ಲಿ ಮನೆಯವರನ್ನು ಕೆಲಸದ ಜಾಗದ ತನಕ ಬಿಡುವುದು ಕಷ್ಟ. ನನ್ನ ಅಮ್ಮ ಬಂದಾಗ ರಿಸೆಪ್ಷನ್ ದಾಟಲು ಆಗಲಿಲ್ಲ. ಇಬ್ಬರೂ ಅಲ್ಲಿನ ಸೋಫಾದಲ್ಲಿ ಹತ್ತು ನಿಮಿಷ ಕೂತೆವು. ಅಮ್ಮ ಲಿಫ್ಟ್ ಕಡೆಗೇ ನೋಡುತ್ತಿದ್ದರು. 'ದಿನಾ ಈ ಬಾಗಿಲಲ್ಲೇ ಹೋಗ್ತೀಯಾ?' ಅಂದರು. ಹೂಂ ಅಂದೆ. 'ಸಾಕು ಬಿಡು, ಇನ್ಮೇಲೆ ಬೆಳಿಗ್ಗೆ ನೀನು ಎಲ್ಲಿ ಹೋಗ್ತಿದೀಯ ಅಂತ ನಂಗೆ ಕಾಣುತ್ತೆ' ಅಂದರು. ಆಮೇಲೆ ಊರಿನಿಂದ ಫೋನ್ ಮಾಡಿದಾಗಲೆಲ್ಲ ಆ ಲಿಫ್ಟ್ ಬಗ್ಗೆ ಕೇಳುತ್ತಿದ್ದರು.

ಹಾಗಾಗಿ ಮಗನಿಗೆ ರಜೆ ಕೇಳಬೇಡಿ, ಊಟದ ಹೊತ್ತು ಕೇಳಿ. ಜ್ಯೂಬಿಲಿ ಸ್ಟೇಷನ್ ಮುಂದಿನ ಚೌಕದಲ್ಲಿ ಆರು ಗಡಿಯಾರದ ಕಂಬಗಳಿವೆ. ಪ್ರತಿ ಗಡಿಯಾರಕ್ಕೂ ಎರಡು ಮುಖ, ಒಂದೊಂದು ಮುಖದಲ್ಲಿ ಒಂದೇ ಅಂಕಿ, ಆರಕ್ಕೂ ಸೇರಿ ಒಂದರಿಂದ ಹನ್ನೆರಡು. ಅಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಜಾಗ. ಒಂದು ಗಂಟೆಗೆ ಅಲ್ಲಿಗೆ ಬಾ ಅನ್ನಿ. ಡಬ್ಬಿಯಲ್ಲಿ ಅವನಿಗೂ ಸೇರಿಸಿ ಹಾಕಿ. ಊಟ ಆದ ಮೇಲೆ ಅವನ ಕಟ್ಟಡದ ಬಾಗಿಲ ತನಕ ಮೂವರೂ ನಡೆದು ಹೋಗಿ, ಅವನು ಒಳಗೆ ಹೋಗುವುದನ್ನು ನೋಡಿಕೊಂಡು ಬನ್ನಿ.