ಮಾಷ್ಟ್ರ ಹೆಸರಿನ ಪ್ರಶಸ್ತಿ ಯಾರಿಗೆ ಕೊಡುದು?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮೂರಿನ ಕನ್ನಡ ಮೀಡಿಯಂ ಯುಪಿ ಶಾಲೆಯಲ್ಲಿ (ಏಳನೇ ಕ್ಲಾಸಿನವರೆಗಿನದ್ದು) ತುಂಬಾ ವರ್ಷ ಹೆಡ್ಮಾಷ್ಟ್ರಾಗಿದ್ದವರು ಹೋದ ಮಳೆಗಾಲದಲ್ಲಿ ತೀರಿಕೊಂಡ್ರು. ನಾವು ಹಳೆ ವಿದ್ಯಾರ್ಥಿಗಳು ಸೇರಿ ಎರಡು ಲಕ್ಷ ಒಟ್ಟು ಮಾಡಿದ್ದೇವೆ, ಅವರ ಹೆಸರಲ್ಲಿ ಮನಸ್ಸಿಟ್ಟು ಕೆಲಸ ಮಾಡುವ ಕನ್ನಡ ಶಾಲೆಗೆ ವರ್ಷಕ್ಕೊಂದು ಪ್ರಶಸ್ತಿ ಕೊಡುವ ಅಂತ. ಈಗ ಕೆಲವರು ಒಬ್ಬ ಟೀಚರಿಗೇ ಕೊಡುವ ಅಂತಾರೆ, ಕೆಲವರು ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡುವ ಅಂತಾರೆ. ಎಂತ ಮಾಡುದು?
– ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಓದುಗ

ಉತ್ತರ: ಶಾಲೆಗೇ ಕೊಡಿ. ಟೀಚರಿಗೆ ಕೊಡ್ಲಿಕ್ಕೆ ಸರ್ಕಾರದ್ದೇ ಉಂಟು, ನಿಮ್ಮ ಪಕ್ಕದ ಪೆರಡಾಲ ನವಜೀವನ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳಿಗೆ 1969ರಲ್ಲೇ ರಾಷ್ಟ್ರಪ್ರಶಸ್ತಿ ಬಂದದ್ದು ನಿಮಗೆ ನಾನು ಹೇಳ್ಬೇಕಾ. ಗಂಜಿ ಬೇಯಿಸುವ ಅಕ್ಕನಿಗೆ, ತೋಡು ತುಂಬಿದ ದಿನ ಮಕ್ಕಳನ್ನು ಕೈ ಹಿಡಿದು ದಾಟಿಸುವವರಿಗೆ ಯಾರೂ ಕೊಡುದಿಲ್ಲ, ಶಾಲೆಗೆ ಕೊಟ್ರೆ ಅವರಿಗೂ ಸಂದ ಹಾಗೆ.

ರಿಸಲ್ಟ್ ಮಾತ್ರ ಬೇಡವೇ ಬೇಡ. ಕೇರಳದಲ್ಲಿ 2023ರಲ್ಲಿ 99.70, 2024ರಲ್ಲಿ 99.69 ಪರ್ಸೆಂಟ್ ಪಾಸ್, ಅದ್ರಲ್ಲಿ ಯಾವ ಶಾಲೆಯನ್ನು ಹೆಕ್ಕುದು? ಮತ್ತೆ ನಿಮ್ಮ ಮಾಷ್ಟ್ರದ್ದು ಯುಪಿ ಶಾಲೆ, ಅಲ್ಲಿ ಹತ್ತನೇ ಕ್ಲಾಸೇ ಇಲ್ಲ ಮಾರಾಯ್ರೆ.

ಎಂತ ನೋಡ್ಬೇಕು ಅಂದ್ರೆ, ಜೂನಲ್ಲಿ ಶಾಲೆ ಶುರುವಾದ ಆರನೇ ದಿನ ಮಕ್ಕಳ ತಲೆ ಎಣಿಸ್ತಾರಲ್ಲ, ಟೀಚರ್ ಪೋಸ್ಟ್ ಉಳಿಯುದು ಹೋಗುದು ಎಲ್ಲ ಆ ಲೆಕ್ಕದ ಮೇಲೆ, ಹಾಗಾಗಿ ಮೇ ತಿಂಗಳ ಬಿಸಿಲಲ್ಲಿ ಟೀಚರ್‌ಗಳು ಗುಡ್ಡೆ ಹತ್ತಿ ಮನೆ ಮನೆಗೆ ಹೋಗಿ ಮಗುವನ್ನು ನಮ್ಮಲ್ಲಿಗೆ ಕಳಿಸಿ ಅಂತ ಕೇಳ್ತಾರೆ, ಇಂಗ್ಲಿಷ್ ಮೀಡಿಯಂ ವ್ಯಾನ್ ಅದೇ ಅಂಗಳದಲ್ಲಿ ಬಂದು ತಿರುಗ್ತದೆ. ಹಾಗೆ ಕರ್ಕೊಂಡು ಬಂದ ಮಕ್ಕಳಿಗೆ ಆಮೇಲೆ ಎಂತ ಮಾಡಿದ್ರು ಅಂತ ನೋಡಿ. ನಾನೊಮ್ಮೆ ಒಂದನೇ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದೆ, ಟೀಚರ್ ಬೋರ್ಡಲ್ಲಿ ಒಂದು ಕಾಗೆ ಬರೆದು ಇದು ಎಂತದ್ದು ಅಂತ ಕೇಳಿದ್ರು. ಒಬ್ಬ ತುಳುವಲ್ಲಿ ‘ಕಕ್ಕೆ’ ಅಂದ, ಒಬ್ಬಳು ಮಲಯಾಳದಲ್ಲಿ ‘ಕಾಕ್ಕ’ ಅಂದಳು, ಮೂಲೆಯಲ್ಲಿದ್ದ ಮರಾಠಿ ಮನೆಯ ಹುಡುಗ ‘ಕಾವಳಾ’. ಟೀಚರ್ ಯಾರಿಗೂ ತಪ್ಪು ಅನ್ಲಿಲ್ಲ, ಮೂರನ್ನೂ ಕನ್ನಡ ಅಕ್ಷರದಲ್ಲೇ ಬರೆದು ಅಡಿಯಲ್ಲಿ ದೊಡ್ಡದಾಗಿ ‘ಕಾಗೆ’ ಅಂತ ಬರೆದ್ರು, ಎಲ್ಲವೂ ಕ ಅಕ್ಷರದಿಂದಲೇ ಶುರುವಲ್ಲ ಅಂತ ಮಕ್ಕಳೇ ಕಂಡುಹಿಡಿದ್ರು. ಇಂಥದ್ದು ಯಾವ ಅರ್ಜಿಯಲ್ಲೂ ಬರುದಿಲ್ಲ. ಅದಕ್ಕೇ ಅರ್ಜಿ ಕರೀಬೇಡಿ, ತನ್ನ ಶಾಲೆಯನ್ನು ತಾನೇ ಹೊಗಳಿ ಫೈಲ್ ಮಾಡಿ ಕಳಿಸ್ಲಿಕ್ಕೆ ಒಳ್ಳೆ ಹೆಡ್ಮಾಷ್ಟ್ರಿಗೆ ನಾಚಿಕೆ ಆಗ್ತದೆ. ಹೆಸರು ಸೂಚಿಸುದು ಅಪ್ಪ ಅಮ್ಮಂದಿರು ಮಾಡ್ಲಿ, ನಿಮ್ಮಲ್ಲಿ ಮೂರು ಜನ ಹೆಡ್ಮಾಷ್ಟ್ರಿಗೆ ಮಾತ್ರ ಒಂದು ಮಾತು ತಿಳಿಸಿ ಸಾಧಾರಣ ಒಂದು ಮಂಗಳವಾರ ಹೋಗಿ ಮಧ್ಯಾಹ್ನದ ಊಟದವರೆಗೆ ಕೂತು ಬನ್ನಿ.

ಇನ್ನು ದುಡ್ಡು. ಏಳು ಪರ್ಸೆಂಟ್ ಬಡ್ಡಿ ಅಂತ ಹಿಡಿದ್ರೂ ಎರಡು ಲಕ್ಷಕ್ಕೆ ವರ್ಷಕ್ಕೆ 14,000. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಕ್, ಶಾಮಿಯಾನ ಅಂತ ಹೊರಟ್ರೆ ಶಾಲೆಗೆ ಉಳಿಯುದು ಫ್ಲೆಕ್ಸ್ ಮಾತ್ರ. ಎರಡು ವರ್ಷಕ್ಕೊಮ್ಮೆ ಕೊಡಿ, ಸ್ವಲ್ಪ ಬಡ್ಡಿಯನ್ನು ಅಸಲಿಗೇ ಸೇರಿಸ್ತಾ ಹೋಗಿ. ಹಳೆ ದತ್ತಿನಿಧಿಗಳ ಗತಿ ನೋಡಿದ್ದೀರಲ್ಲ, ಯಾರೋ ಪುಣ್ಯಾತ್ಮರು ಆ ಕಾಲಕ್ಕೆ ದೊಡ್ಡ ಮೊತ್ತ ಅಂತ ಐನೂರು ಇಟ್ಟು ಹೋಗಿದ್ದಾರೆ, ಈಗ ವಾರ್ಷಿಕೋತ್ಸವದಲ್ಲಿ ಹುಡುಗಿಯನ್ನು ಸ್ಟೇಜಿಗೆ ಕರೆದು ಕವರಲ್ಲಿ ಮೂವತ್ತೈದು ರೂಪಾಯಿ. ಚಪ್ಪಾಳೆ ಬೇರೆ! ಕಾರ್ಯಕ್ರಮ ಬೆಳಗ್ಗಿನ ಅಸೆಂಬ್ಲಿಯಲ್ಲೇ ಮುಗಿಸಿ, ಮಧ್ಯಾಹ್ನ ಎಲ್ಲರಿಗೂ ಪಾಯಸ ಹಾಕಿಸಿ, ಸಾಕು. ಹಣಕ್ಕೆ ರಶೀದಿ ತಗೊಳ್ಳಿ, ಎಂತಕ್ಕೆ ಖರ್ಚು ಮಾಡ್ಬೇಕು ಅಂತ ಶಾಲೆಯವರೇ ಹೇಳ್ಲಿ.

ಪ್ರಶ್ನೆ (ಅದೇ ಪತ್ರದ ಕೊನೆಗೆ): ಮೊದಲ ವರ್ಷ ನಮ್ಮ ಮಾಷ್ಟ್ರ ಶಾಲೆಗೇ ಕೊಡ್ಬಹುದಾ?

ಉತ್ತರ: ಬೇಡ. ಮಾಷ್ಟ್ರು ಇದ್ದಿದ್ರೆ ಮೊದ್ಲು ಅವರೇ ಬೈತಿದ್ರು. ಆ ಶಾಲೆಗೆ ಎಂತಾದ್ರೂ ಮಾಡುವ ಮನಸ್ಸುಂಟು ಅಂತಾದ್ರೆ ಆರನೇ ದಿನದ ಲೆಕ್ಕಕ್ಕೆ ತಲೆ ಕೊಡಿ. ಎರಡು ಲಕ್ಷ ಒಟ್ಟು ಮಾಡಿದವರಲ್ಲಿ ಎಷ್ಟು ಜನರ ಮಕ್ಕಳು ಈಗ ಅಲ್ಲಿ ಓದ್ತಾ ಇದ್ದಾರೆ? ಮುಂದಿನ ಪತ್ರದಲ್ಲಿ ಬರೀರಿ.